ಕ್ಲಾಕ್ ಇರಬೇಕಾದ್ದು ಚಿಪ್ಪಿನ ಪಕ್ಕದಲ್ಲಿ, ಇನ್ನೊಂದು ಡಬ್ಬಿಯಲ್ಲಲ್ಲ

ನಮಸ್ಕಾರ ಸ್ನೇಹಿತರೇ, ಚಾನೆಲ್‌ಗೆ ಸ್ವಾಗತ. ಇವತ್ತು ಪೀಠಿಕೆ ಇಲ್ಲ. ಸಿಟ್ಟು ಬಂದಿದೆ, ನೇರವಾಗಿ ವಿಷಯಕ್ಕೆ ಬರುತ್ತೇನೆ.

ಕಳೆದ ವಿಡಿಯೊದಲ್ಲಿ ಒಂದು ಡಿಜಿಟಲ್ ಪ್ಲೇಯರ್ ಬಗ್ಗೆ ಮಾತಾಡುತ್ತಾ, ಅದರ ಹಿಂದಿರುವ, ಹೊರಗಿನ ಕ್ಲಾಕ್ ಡಬ್ಬಿ ಜೋಡಿಸುವ 10 ಮೆಗಾಹರ್ಟ್ಸ್ ಕ್ಲಾಕ್ ಇನ್‌ಪುಟ್‌ಗೋಸ್ಕರ ದುಡ್ಡು ಸುರಿಯಬೇಡಿ ಅಂದಿದ್ದೆ. ಒಂದೇ ಒಂದು ಸಾಲು. ಅದಕ್ಕೆ ಕಾಮೆಂಟಿನಲ್ಲಿ ಒಬ್ಬರು ಪುಟಗಟ್ಟಲೆ ಬರೆದಿದ್ದಾರೆ. ಎಕ್ಸ್‌ಟರ್ನಲ್ ಕ್ಲಾಕ್ ಹಾಕಿದ ತಕ್ಷಣ ಪರದೆ ಸರಿದ ಹಾಗಾಯಿತಂತೆ. ಪಿಟೀಲಿನ ಕಮಾನು ತಂತಿಗೆ ತಾಗುವುದು ಕಣ್ಣಿಗೇ ಕಂಡಿತಂತೆ. ಇದು ಕೇಳಿಸದಿದ್ದರೆ ನಿಮ್ಮ ಕಿವಿಗೆ ಸಂಸ್ಕಾರ ಇಲ್ಲ ಅಂತ ಕೊನೆಗೊಂದು ಷರಾ. ಅದಕ್ಕೆ ಸಾಲು ಸಾಲು ಲೈಕು.

ನನ್ನನ್ನು ಬೈದರೆ ಬೇಜಾರಿಲ್ಲ. ಆದರೆ ಆ ಕಾಮೆಂಟ್ ಓದಿದ ಯಾರೋ ಒಬ್ಬರು, ಪ್ಲೇಯರಿಗಿಂತ ದುಬಾರಿಯಾದ ಒಂದು ಡಬ್ಬಿ ತರಲು ಹೊರಡುತ್ತಾರೆ. ಅದನ್ನು ನೋಡಿಕೊಂಡು ಸುಮ್ಮನಿರಲು ನನಗೆ ಆಗುವುದಿಲ್ಲ.

ಮೊದಲು ಒಂದು ಮಾತು. ಕ್ಲಾಕ್ ಮುಖ್ಯ ಅಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ. ಸಿಡಿ ಗುಣಮಟ್ಟದ ಹಾಡಿನಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ಶಬ್ದದ ಅಲೆಯನ್ನು ಅಳೆದು ಬರೆದಿಟ್ಟ ಸಂಖ್ಯೆಗಳು ಇರುತ್ತವೆ. ಒಂದೊಂದೂ ತನ್ನ ಸರಿಯಾದ ಗಳಿಗೆಯಲ್ಲಿ ಹೊರಗೆ ಬರಬೇಕು. ಯಾವಾಗ ಬರಬೇಕು ಅಂತ ಹೇಳುವುದೇ ಕ್ಲಾಕ್. ಅದು ಒಂದು ಚೂರು ಹಿಂದೆ ಮುಂದೆ ಆದರೆ ಅಲೆಯ ಆಕಾರ ಕೆಡುತ್ತದೆ. ಇದನ್ನೇ ಜಿಟರ್ ಅನ್ನುತ್ತೇವೆ. ಇಲ್ಲಿಯ ತನಕ ಆ ಕಾಮೆಂಟ್ ಬರೆದವರಿಗೂ ನನಗೂ ಜಗಳವೇ ಇಲ್ಲ.

ಜಗಳ ಇರುವುದು ಒಂದೇ ಪ್ರಶ್ನೆಯಲ್ಲಿ. ಕ್ಲಾಕ್ ಎಲ್ಲಿರಬೇಕು? ಡ್ಯಾಕ್, ಅಂದರೆ ಆ ಸಂಖ್ಯೆಗಳನ್ನು ಮತ್ತೆ ಅಲೆಯಾಗಿಸುವ ಚಿಪ್ಪಿನ ಪಕ್ಕದಲ್ಲಿ. ಸಂಖ್ಯೆ ಶಬ್ದವಾಗುವ ಜಾಗದಲ್ಲಿ. ಬೇರೆಲ್ಲೂ ಅಲ್ಲ.

ನೋಡಿ, ಈ ಬೋರ್ಡನ್ನು ಕ್ಯಾಮೆರಾ ಹತ್ತಿರ ತರುತ್ತೇನೆ. ಮಧ್ಯದಲ್ಲಿರುವ ಈ ಕಪ್ಪು ಚೌಕ ಡ್ಯಾಕ್ ಚಿಪ್. ಅದರ ಬಲಕ್ಕೆ ಹೊಳೆಯುವ ಎರಡು ಪುಟ್ಟ ಲೋಹದ ಡಬ್ಬಿಗಳು ಕಾಣುತ್ತಿವೆ ಅಲ್ವಾ? ಅವೇ ಕ್ಲಾಕುಗಳು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡವು ಅಷ್ಟೇ. ಒಂದರ ಮೇಲೆ 22.5792 ಅಂತ ಬರೆದಿದೆ, ಇನ್ನೊಂದರ ಮೇಲೆ 24.576. ಎರಡೂ ಮೆಗಾಹರ್ಟ್ಸ್ ಲೆಕ್ಕ. ಮೊದಲನೆಯದನ್ನು 512ರಿಂದ ಭಾಗಿಸಿ, ಕರೆಕ್ಟಾಗಿ 44.1 ಕಿಲೊಹರ್ಟ್ಸ್ ಬರುತ್ತದೆ. ಎರಡನೆಯದನ್ನು ಭಾಗಿಸಿ, 48 ಬರುತ್ತದೆ. ಶೇಷ ಇಲ್ಲ, ಉಳಿಕೆ ಇಲ್ಲ. ಇವೆರಡರಿಂದ ಚಿಪ್ಪಿಗೆ ಹೋಗುವ ತಾಮ್ರದ ಗೆರೆ ನೋಡಿ, ಒಂದು ಬೆರಳಿನ ಅಗಲ ಕೂಡ ಇಲ್ಲ. ಇದನ್ನು ಮಾಡಿದ ಎಂಜಿನಿಯರ್‌ಗೆ ಕೆಲಸ ಗೊತ್ತು.

ಈಗ ಆ 10 ಮೆಗಾಹರ್ಟ್ಸ್ ಡಬ್ಬಿಯ ಕಥೆ. 10 ಮೆಗಾಹರ್ಟ್ಸ್ ಬಂದದ್ದು ಲ್ಯಾಬಿನ ಅಳತೆಯ ಉಪಕರಣಗಳಿಂದ. ಅಲ್ಲಿ ಅದು ಬೇಕೇ ಬೇಕು. ಆದರೆ 1 ಕೋಟಿಯನ್ನು 44,100ರಿಂದ ಭಾಗಿಸಿ ನೋಡಿ. 226.757 ಅಂತ ಶುರುವಾಗಿ ಎಳೆಯುತ್ತಲೇ ಹೋಗುತ್ತದೆ. ಅಂದರೆ ಆ ಸಿಗ್ನಲ್ಲನ್ನು ಡ್ಯಾಕ್ ನೇರವಾಗಿ ಬಳಸುವ ಹಾಗೇ ಇಲ್ಲ. ಅದು ಒಂದು ಡಬ್ಬಿಯಿಂದ ಹೊರಟು, ಕನೆಕ್ಟರ್ ದಾಟಿ, ಕೇಬಲ್ ದಾಟಿ, ಮತ್ತೊಂದು ಕನೆಕ್ಟರ್ ದಾಟಿ ಪ್ಲೇಯರ್ ಒಳಗೆ ಬರುತ್ತದೆ. ಅಲ್ಲಿ ಪಿಎಲ್‌ಎಲ್ ಅನ್ನುವ ಸರ್ಕ್ಯೂಟ್ ಅದನ್ನು ನೋಡಿಕೊಂಡು ಹೊಸದಾಗಿ 22.5792 ತಯಾರಿಸಬೇಕು.

ಯಾವುದರಿಂದ ತಯಾರಿಸುತ್ತದೆ? ಪ್ಲೇಯರ್ ಒಳಗೇ ಇರುವ, ತಾಳ ಹುಟ್ಟಿಸುವ ಇನ್ನೊಂದು ಆಸಿಲೇಟರ್‌ನಿಂದ! ಕೊನೆಗೆ ಡ್ಯಾಕ್‌ಗೆ ತಾಳ ಕೊಡುವುದು ಅದೇ. ಹೊರಗಿನ ಕ್ಲಾಕ್ ಅದನ್ನು ದೂರದಿಂದ ನಿಧಾನವಾಗಿ ತಿದ್ದುತ್ತಿರುತ್ತದೆ ಅಷ್ಟೇ. ವೇಗದ ಜಿಟರ್ ಇದೆಯಲ್ಲ, ಅದನ್ನು ನಿರ್ಧರಿಸುವುದು ಒಳಗಿನ ಆಸಿಲೇಟರೇ. ನಿಧಾನದ ಜಿಟರ್ ಹೊರಗಿನ ಡಬ್ಬಿಯಿಂದ ಬರುತ್ತದೆ, ಅದೂ ಬಂದ ಹಾಗೇ ಬರುವುದಿಲ್ಲ. 10ನ್ನು 22.5792ಕ್ಕೆ ಏರಿಸುವಾಗ ಫೇಸ್ ನಾಯ್ಸ್, ಅಂದರೆ ತಾಳದ ಅಲುಗಾಟ, ಸುಮಾರು 7 ಡೆಸಿಬೆಲ್ ಜಾಸ್ತಿ ಆಗುತ್ತದೆ. ಇದು ನನ್ನ ಅಭಿಪ್ರಾಯ ಅಲ್ಲ, ಗಣಿತ. ಪಕ್ಕದಲ್ಲೇ ಕೂತು ತಾಳ ಹಾಕುವವರನ್ನು ಎಬ್ಬಿಸಿ ಆಚೆ ಕೋಣೆಗೆ ಕಳಿಸಿ, ಗೋಡೆಗೆ ಕಿವಿಯಾನಿಸಿ ಹಾಡುವ ಹಾಗಾಯಿತು.

ಅದಕ್ಕೇ ಹೇಳುವುದು, ಕ್ಲಾಕ್ ಚಿಪ್ಪಿನ ಪಕ್ಕದಲ್ಲಿರಬೇಕು.

ನಿಲ್ಲಿ, ಚಾನೆಲ್ ಸಬ್‌ಸ್ಕ್ರೈಬ್ ಆಗಿಲ್ಲದಿದ್ದರೆ ಈಗಲೇ ಆಗಿ. ನಾವು ಯಾವ ಕಂಪನಿಯಿಂದಲೂ ದುಡ್ಡು ತೆಗೆದುಕೊಳ್ಳುವುದಿಲ್ಲ. ಇಂಥ ಮಾತು ಇಷ್ಟು ಗಟ್ಟಿಯಾಗಿ ಆಡಲು ಸಾಧ್ಯ ಆಗುವುದೇ ಅದರಿಂದ.

ಸರಿ. ಇನ್ನೊಬ್ಬರು ಬರೆಯುತ್ತಾರೆ: "ನನ್ನದು ಮಾಮೂಲಿ ಕ್ಲಾಕ್ ಅಲ್ಲ, ರುಬಿಡಿಯಂ. ಪರಮಾಣು ಗಡಿಯಾರ." ಅಬ್ಬಾ, ಪರಮಾಣು ಅಂದ ಕೂಡಲೇ ಎಲ್ಲರೂ ತೆಪ್ಪಗಾಗಬೇಕಾ? ರುಬಿಡಿಯಂ ಗಡಿಯಾರದ ಗುಣ ಏನು ಗೊತ್ತಾ? ತಿಂಗಳುಗಟ್ಟಲೆ ಓಡಿದರೂ ಅದು ದಾರಿ ತಪ್ಪುವುದಿಲ್ಲ. ಮೊಬೈಲ್ ಟವರಿಗೆ ಅದು ಬೇಕು. ಹಾಡಿಗೆ ಯಾಕೆ? ಮಾಮೂಲಿ ಕ್ಲಾಕಿನೊಳಗಿನ ಸಾಮಾನ್ಯ ಕ್ರಿಸ್ಟಲ್, ಅಂದರೆ ಹರಳು, ಹತ್ತು ಲಕ್ಷಕ್ಕೆ 50 ಪಾಲು ತಪ್ಪಿದೆ ಅಂತಲೇ ಇಟ್ಟುಕೊಳ್ಳಿ. ಐದು ನಿಮಿಷದ ಹಾಡು 15 ಮಿಲಿಸೆಕೆಂಡ್ ಬೇಗ ಮುಗಿಯುತ್ತದೆ. ಶ್ರುತಿ ಎಷ್ಟು ಏರುತ್ತದೆ? ಒಂದು ಅರ್ಧಸ್ವರವನ್ನು ನೂರು ಭಾಗ ಮಾಡಿ, ಆ ಒಂದು ಭಾಗದ ಹತ್ತನೇ ಒಂದರಷ್ಟೂ ಇಲ್ಲ. ಯಾವ ಸಂಗೀತಗಾರರಿಗೂ ಅದು ಗೊತ್ತಾಗುವುದಿಲ್ಲ. ಒಳ್ಳೆಯ ರೆಕಾರ್ಡ್ ಪ್ಲೇಯರಿನ ವೇಗವೇ ಶೇಕಡಾ 0.1ರಷ್ಟು ಓಲಾಡುತ್ತದೆ, ಅಂದರೆ ಇದರ ಇಪ್ಪತ್ತು ಪಟ್ಟು. ಕ್ಲಾಕ್ ಕ್ಲಾಕ್ ಅಂತ ಬಡಿದುಕೊಳ್ಳುವ ಜನವೇ ರೆಕಾರ್ಡ್ ಹಾಕಿದಾಗ ಆಹಾ, ಎಷ್ಟು ಸಹಜ ಅನ್ನುತ್ತಾರೆ!

ಇನ್ನೊಂದು ವಿಷಯ. ಆ ರುಬಿಡಿಯಂ ಡಬ್ಬಿಯಿಂದ ಹೊರಗೆ ಬರುವ ಸಿಗ್ನಲ್ ಯಾವುದರದ್ದು? ಕ್ವಾರ್ಟ್ಜ್ ಕ್ರಿಸ್ಟಲ್‌ನದ್ದೇ! ರುಬಿಡಿಯಂ ಮಾಡುವುದು ಆ ಕ್ರಿಸ್ಟಲ್ ದಾರಿ ತಪ್ಪದ ಹಾಗೆ ನೋಡಿಕೊಳ್ಳುವ ಕೆಲಸ. ಅಂದರೆ ನಿಮ್ಮ ಪ್ಲೇಯರಿನಲ್ಲಿ ಇರುವಂಥ ಹರಳೇ ಅಲ್ಲೂ ಇದೆ. ಆದರೆ ಒಂದು ಮೀಟರ್ ದೂರದಲ್ಲಿ.

"ಸ್ಟುಡಿಯೊಗಳಲ್ಲಿ ಮಾಸ್ಟರ್ ಕ್ಲಾಕ್ ಇರುತ್ತದಲ್ಲ?" ಇದು ಎಲ್ಲರೂ ಎಸೆಯುವ ಬ್ರಹ್ಮಾಸ್ತ್ರ. ಇರುತ್ತದೆ ಸ್ವಾಮಿ. ಅಲ್ಲಿ ಹತ್ತಾರು ಡಿಜಿಟಲ್ ಯಂತ್ರಗಳು ಒಂದಕ್ಕೊಂದು ಮಾತಾಡಬೇಕು. ಒಂದೊಂದು ಒಂದೊಂದು ವೇಗದಲ್ಲಿ ಓಡಿದರೆ ಮಧ್ಯೆ ಟಕ್, ಟಕ್ ಅಂತ ಸದ್ದು ಬರುತ್ತದೆ. ಎಲ್ಲರೂ ಹೆಜ್ಜೆ ಸೇರಿಸಲಿ ಅಂತ ಮಾಸ್ಟರ್ ಕ್ಲಾಕ್. ಶಬ್ದ ಸಿಹಿ ಆಗಲಿ ಅಂತ ಅಲ್ಲ. ಬ್ರಿಟನ್ನಿನ ಸೌಂಡ್ ಆನ್ ಸೌಂಡ್ ಪತ್ರಿಕೆ 2010ರಲ್ಲಿ ಇದನ್ನೇ ಅಳೆದು ನೋಡಿತು. ಶಬ್ದವನ್ನು ಸಂಖ್ಯೆಗೆ, ಸಂಖ್ಯೆಯನ್ನು ಶಬ್ದಕ್ಕೆ ಬದಲಿಸುವ ಹೆಚ್ಚಿನ ಕನ್ವರ್ಟರ್‌ಗಳು ತಮ್ಮ ಒಳಗಿನ ಕ್ಲಾಕಿನಲ್ಲೇ ಚೆನ್ನಾಗಿ ಕೆಲಸ ಮಾಡಿದವು. ನಿಮ್ಮ ಮನೆಯಲ್ಲಿರುವುದು ಒಂದೇ ಪ್ಲೇಯರ್. ಅದು ಯಾರ ಜೊತೆ ಹೆಜ್ಜೆ ಸೇರಿಸಬೇಕು?

ಇನ್ನು ಹಳೆಯ ಕಾಲದ ಮಾತು ತೆಗೆಯುವವರು. ಹೌದು, ಒಂದು ಕಾಲದಲ್ಲಿ ತೊಂದರೆ ನಿಜವಾಗಿಯೂ ಇತ್ತು. ಸಿಡಿ ಓಡಿಸುವ ಯಂತ್ರ ಒಂದು ಕಡೆ, ಡ್ಯಾಕ್ ಇನ್ನೊಂದು ಕಡೆ, ಮಧ್ಯೆ ಒಂದೇ ಕೇಬಲ್. ಡೇಟಾ ಜೊತೆಗೇ ಕ್ಲಾಕ್ ಕೂಡ ಅದರಲ್ಲೇ ಬರುತ್ತಿತ್ತು, ಡ್ಯಾಕ್ ಅದನ್ನು ಹೆಕ್ಕಿ ತೆಗೆಯಬೇಕಿತ್ತು. ಅಲ್ಲಿ ಜಿಟರ್ ಸೇರಿಕೊಳ್ಳುತ್ತಿತ್ತು. ಅದನ್ನು ಹಿಡಿಯಲೆಂದೇ ಜೂಲಿಯನ್ ಡನ್ ಎಂಬ ಎಂಜಿನಿಯರ್ 1990ರ ದಶಕದಲ್ಲಿ ಜೆ-ಟೆಸ್ಟ್ ಎಂಬ ಸಿಗ್ನಲ್ ರೂಪಿಸಿದರು. ಆಮೇಲೆ ಪರಿಹಾರ ಹೇಗೆ ಬಂತು? ಅಸಿಂಕ್ರೊನಸ್ ಯುಎಸ್‌ಬಿ ತೆಗೆದುಕೊಳ್ಳಿ. ಡ್ಯಾಕ್ ತನ್ನ ಪಕ್ಕದ ಕ್ಲಾಕ್ ನೋಡಿಕೊಂಡು, ನನಗೆ ಈಗ ಇಷ್ಟು ಡೇಟಾ ಕಳಿಸು ಅಂತ ಕಂಪ್ಯೂಟರಿಗೆ ಹೇಳುತ್ತದೆ. ಯಜಮಾನಿಕೆ ಡ್ಯಾಕ್ ಹತ್ತಿರ ಬಂತು, ತೊಂದರೆ ಮುಗಿಯಿತು. ಅಂದರೆ ನಾನು ಹೇಳುತ್ತಿರುವುದೇ! ಕ್ಲಾಕನ್ನು ಚಿಪ್ಪಿನ ಪಕ್ಕಕ್ಕೆ ತಂದದ್ದೇ ಪರಿಹಾರ. ಈಗ ದುಡ್ಡು ಕೊಟ್ಟು ಅದನ್ನು ಮತ್ತೆ ದೂರಕ್ಕೆ ಕಳಿಸುತ್ತಿದ್ದೀರಿ.

ಎಷ್ಟು ಜಿಟರ್ ಇದ್ದರೆ ಮನುಷ್ಯರ ಕಿವಿಗೆ ಗೊತ್ತಾಗುತ್ತದೆ? ಇದನ್ನೂ ಕೂತು ಕೇಳಿಸಿ ನೋಡಿದ್ದಾರೆ. 1998ರಲ್ಲಿ ಬೆಂಜಮಿನ್ ಮತ್ತು ಗ್ಯಾನನ್ ಎಂಬ ಸಂಶೋಧಕರು ಪ್ರಯೋಗ ಮಾಡಿದರು. ಸಂಗೀತ ಕೇಳುವಾಗ 20 ನ್ಯಾನೊಸೆಕೆಂಡಿಗಿಂತ ಕಡಿಮೆ ಜಿಟರ್ ಯಾರಿಗೂ ತಿಳಿಯಲಿಲ್ಲ. 2005ರಲ್ಲಿ ಜಪಾನಿನ ಅಶಿಹಾರಾ ಮತ್ತು ಜೊತೆಗಾರರು ಪಳಗಿದ ಕಿವಿಯವರನ್ನೇ ಕೂರಿಸಿ, ಅವರಿಗೆ ಒಗ್ಗಿದ ವ್ಯವಸ್ಥೆಯಲ್ಲೇ ಕೇಳಿಸಿದರು. ಕ್ರಮವಿಲ್ಲದೆ ಹೇಗೆಂದರೆ ಹಾಗೆ ಬರುವ ಜಿಟರ್ ಗೊತ್ತಾಗಲು ನೂರಾರು ನ್ಯಾನೊಸೆಕೆಂಡ್ ಬೇಕಾಯಿತು. ಈಗಿನ ಒಳ್ಳೆಯ ಪ್ಲೇಯರಿನ ಜಿಟರನ್ನು ಪಿಕೊಸೆಕೆಂಡಿನಲ್ಲಿ ಅಳೆಯುತ್ತಾರೆ. ಪಿಕೊ ಅಂದರೆ ನ್ಯಾನೊದ ಸಾವಿರದಲ್ಲಿ ಒಂದು ಪಾಲು. 100 ಪಿಕೊಸೆಕೆಂಡ್ ಜಿಟರ್ ಇದ್ದರೂ 10 ಕಿಲೊಹರ್ಟ್ಸ್ ಸ್ವರಕ್ಕಿಂತ ಅದರ ಕೊಳೆ 104 ಡೆಸಿಬೆಲ್ ಕೆಳಗಿರುತ್ತದೆ. ಅದರ ಮುಂದೆ ಕೋಣೆಯ ಫ್ಯಾನ್ ಸದ್ದೇ ಬೆಟ್ಟದಷ್ಟು ಇದೆ.

"ಅಳತೆ ಗಿಳತೆ ಬೇಡ, ನನಗೆ ಕೇಳಿಸುತ್ತದೆ." ಹಾಗಾದರೆ ಕಣ್ಣು ಮುಚ್ಚಿ ಕೇಳಿ! ಹೊಸ ಡಬ್ಬಿ ಬಂದಿದೆ, ನೀಲಿ ದೀಪ ಉರಿಯುತ್ತಿದೆ, ಹೊರಗಿನ ಕ್ಲಾಕ್ ಹಿಡಿದುಕೊಂಡೆ ಅನ್ನಲು ಲಾಕ್ ಅಂತ ಪರದೆ ತೋರಿಸುತ್ತಿದೆ, ಮೇಲಿಂದ ಜೇಬು ಖಾಲಿಯಾಗಿದೆ. ಚೆನ್ನಾಗಿ ಕೇಳಿಸದೆ ಇನ್ನೇನಾಗುತ್ತದೆ? ಬೇರೆ ಯಾರಾದರೂ ಬದಲಾಯಿಸಲಿ, ಯಾವುದು ಓಡುತ್ತಿದೆ ಅಂತ ನಿಮಗೆ ಹೇಳದಿರಲಿ. ಎರಡರ ವಾಲ್ಯೂಮ್ 0.1 ಡೆಸಿಬೆಲ್ ಒಳಗೆ ಸಮ ಇರಲಿ. ಲಾಕ್ ಆಗುವಾಗ ಬರುವ ಮೌನವೇ ಸುಳಿವು ಕೊಡುತ್ತದೆ, ಎರಡೂ ಸಲ ಅಷ್ಟೇ ಮೌನ ಇರಲಿ. ಆಮೇಲೆ ಯಾವುದು ಓಡುತ್ತಿದೆ ಅಂತ ಹದಿನಾರು ಸಲ ಹೇಳಿ ನೋಡೋಣ. ಇಷ್ಟು ಕೇಳಿದ ಕೂಡಲೇ ಆ ಮಹಾಶಯರು ಮಾಯ. ಪರೀಕ್ಷೆಯ ಒತ್ತಡದಲ್ಲಿ ಕಿವಿ ಕೆಲಸ ಮಾಡುವುದಿಲ್ಲವಂತೆ. ಪರದೆ ಸರಿದ ಹಾಗಾಗಿದ್ದರೆ ಒತ್ತಡದಲ್ಲೂ ಕಾಣಬೇಕಲ್ಲವೇ?

ಆ ಪರೀಕ್ಷೆ ಮನೆಯಲ್ಲೇ ಹೇಗೆ ಮಾಡುವುದು ಅಂತ ನಮ್ಮ ಇನ್ನೊಂದು ವಿಡಿಯೊದಲ್ಲಿದೆ. ಲಿಂಕ್ ಕೆಳಗಿದೆ, ಪೂರ್ತಿ ನೋಡಿ, ಸ್ನೇಹಿತರಿಗೂ ಕಳಿಸಿ. ಮೆಂಬರ್‌ಗಳಿಗೆ ಇವತ್ತಿನ ಬೋರ್ಡಿನ ದೊಡ್ಡ ಫೋಟೊಗಳನ್ನೂ ಹಾಕುತ್ತೇನೆ.

ಕ್ಲಾಕ್ ಕೇಬಲ್ ಬಗ್ಗೆ ಕೇಳಿದವರಿಗೆ: 50 ಓಮ್ ಅಂತ ಬರೆದ ಇನ್‌ಪುಟ್‌ಗೆ 50 ಓಮ್ ಕೇಬಲ್, 75ಕ್ಕೆ 75. ಮುಗಿಯಿತು. ಬೆಳ್ಳಿಯ ಕೇಬಲ್ ಬೇಡ. ಬೇಡ ಅಂದರೆ ಬೇಡ!

ಚಿಪ್ಪಿನ ಪಕ್ಕ, ಚಿಪ್ಪಿನ ಪಕ್ಕ, ಚಿಪ್ಪಿನ ಪಕ್ಕ. ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಕ್ಲಾಕ್ ಮಾರುವವರು ನನ್ನ ಮೇಲೆ ಕೋಪ ಮಾಡಿಕೊಳ್ಳಲಿ, ಕಾಮೆಂಟಿನಲ್ಲಿ ಇನ್ನೂ ಹತ್ತು ಪುಟ ಬರಲಿ. ಎಲ್ಲವನ್ನೂ ಓದುತ್ತೇನೆ. ಕಣ್ಣು ಕಟ್ಟಿಕೊಂಡು ಕೇಳಿದ ಫಲಿತಾಂಶ ಜೊತೆಗಿದ್ದರೆ ಮಾತ್ರ ಉತ್ತರ ಕೊಡುತ್ತೇನೆ.

ಡಬ್ಬಿಯನ್ನು ಆಗಲೇ ತಂದಿಟ್ಟುಕೊಂಡವರು, ವಾಪಸ್ ಕೊಡುವ ಅವಧಿ ಇದೆಯಾ ಅಂತ ಬಿಲ್ ತೆಗೆದು ನೋಡಿ. ಇದ್ದರೆ ಇವತ್ತೇ ಕೊಡಿ. ಆ ದುಡ್ಡಲ್ಲಿ ಒಳ್ಳೆಯ ಹೆಡ್‌ಫೋನ್ ತೆಗೆದುಕೊಳ್ಳಿ, ಹೆಡ್‌ಫೋನ್ ಇದ್ದವರು ಹಾಡು ತೆಗೆದುಕೊಳ್ಳಿ. ಯಾವ ಹೆಡ್‌ಫೋನ್ ಅಂತ ಮುಂದಿನ ವಾರ ಮಾತಾಡೋಣ, ಗಂಟೆ ಗುರುತು ಒತ್ತಿಟ್ಟುಕೊಳ್ಳಿ.