ಮಧ್ಯಾಹ್ನದ ಮೇಲಿನ ಕಾಫಿಯೂ ರಾತ್ರಿಯ ನಿದ್ದೆಯೂ

ಎಲ್ಲರಿಗೂ ನಮಸ್ಕಾರ. ಕಾಫಿ ಗಿಡ ಹೂ ಬಿಡೋಕೆ ಬೇಕಾದ ಹೂಮಳೆ ಕಾಯುವ ಹೊತ್ತಲ್ಲಿ ನಿದ್ದೆ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಮಾರ್ಚ್ ತಿಂಗಳಲ್ಲಿ ಕೊಡಗಿನಲ್ಲಿ ಯಾರಿಗೆ ನಿದ್ದೆ ಬರುತ್ತದೆ ಹೇಳಿ! ಮಳೆಯ ಚಿಂತೆಗೆ ನನ್ನ ಹತ್ತಿರ ಮದ್ದಿಲ್ಲ. ಆದರೆ ನಾವು ಬೆಳೆದ ಬೆಳೆಯೇ ನಮ್ಮ ನಿದ್ದೆ ಕದಿಯುತ್ತಿದೆ. ಇವತ್ತು ಅದನ್ನು ಹೇಳಿಯೇ ಹೋಗುತ್ತೇನೆ.

ಸಿದ್ದಾಪುರದ ಕಡೆಯ ಮಾವ ಒಬ್ಬರು ಬಂದಿದ್ದರು. ರಾತ್ರಿಯೆಲ್ಲಾ ಮಗ್ಗುಲು ಬದಲಿಸುವುದೇ ಕೆಲಸ. ‘ಒಂದು ಮಾತ್ರೆ ಬರ್ಕೊಡಿ ಡಾಕ್ಟ್ರೇ’ ಅಂದರು. ಕಾಫಿ ಎಷ್ಟು ಮಾವ ಅಂತ ಕೇಳಿದೆ. ‘ನಾನು ಜಾಸ್ತಿ ಕುಡಿಯೋದೇ ಇಲ್ಲ.’ ಪಕ್ಕದಲ್ಲಿದ್ದ ಅತ್ತೆ ಬೆರಳು ಮಡಚೋಕೆ ಶುರು ಮಾಡಿದರು. ಎದ್ದ ಕೂಡಲೇ ಒಂದು. ತೋಟಕ್ಕೆ ಹೊರಡುವಾಗ ಒಂದು. ಹತ್ತು ಗಂಟೆಗೆ ಕೆಲಸದವರ ಜೊತೆ. ಮಧ್ಯಾಹ್ನ ಎದ್ದ ಮೇಲೆ. ನೆಂಟರು ಬಂದರೆ ಅವರ ಜೊತೆ. ರಾತ್ರಿ ಊಟ ಆದ ಮೇಲೆ, ಜೀರ್ಣ ಆಗಲಿ ಅಂತ ಇನ್ನೊಂದು! ‘ಅದು ಬೆಲ್ಲದ ಕಾಫಿ, ಹಾಲೇ ಹಾಕಲ್ಲ, ಅದನ್ನ ಲೆಕ್ಕಕ್ಕೆ ಹಿಡೀಬೇಡ’ ಅಂತ ಮಾವನ ವಾದ. ಪುಡಿ ಯಾವುದು? ಮನೆ ತೋಟದ ರೋಬಸ್ಟಾ, ಚಿಕೋರಿ ಬೆರೆಸಿಲ್ಲ ಅಂತ ಹೆಮ್ಮೆಯಿಂದ ಹೇಳಿದರು. ಚಿಕೋರಿಯಲ್ಲಿ ಕೆಫೀನ್, ಅಂದರೆ ಕಾಫಿಯಲ್ಲಿ ನಿದ್ದೆ ಓಡಿಸುವ ಅಂಶ, ಇರುವುದಿಲ್ಲ. ಬೆರೆಸಿದ್ದರೆ ಸ್ವಲ್ಪವಾದರೂ ನಿದ್ದೆ ಬರುತ್ತಿತ್ತೇನೋ!

ಅರೇಬಿಕಾ ಜಾತಿಯ ಕಾಫಿಗಿಂತ ರೋಬಸ್ಟಾ ಜಾತಿಯದರಲ್ಲಿ ಕೆಫೀನ್ ಹೆಚ್ಚುಕಮ್ಮಿ ಎರಡರಷ್ಟು. ನಾವು ಎಚ್ಚರ ಇದ್ದಷ್ಟು ಹೊತ್ತೂ ಮಿದುಳಲ್ಲಿ ಅಡೆನೊಸಿನ್ ಅನ್ನುವುದು ಸೇರುತ್ತಾ ಹೋಗುತ್ತದೆ. ತೂಕಡಿಕೆ ತರುವುದು ಅದೇ. ಬಸ್ಸಲ್ಲಿ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ ಅದರ ಜಾಗವನ್ನು ಕೆಫೀನ್ ಹಿಡಿದುಬಿಡುತ್ತದೆ. ಒಳಗೆ ಹೋದ ಕೆಫೀನ್ ಅರ್ಧಕ್ಕೆ ಇಳಿಯೋಕೇ ಸಾಮಾನ್ಯವಾಗಿ 5-6 ಗಂಟೆ ಬೇಕು. ಸಂಜೆ 5ಕ್ಕೆ ಕುಡಿದದ್ದು ರಾತ್ರಿ 10ಕ್ಕೆ ಇನ್ನೂ ಅರ್ಧ ಒಳಗೇ ಇರುತ್ತದೆ. ‘ಕುಡಿದೂ ನನಗೆ ನಿದ್ದೆ ಬರುತ್ತೆ’ ಅನ್ನುವವರು ಇಲ್ಲೂ ಇದ್ದೀರಿ, ತಲೆ ಆಡಿಸುತ್ತಿದ್ದೀರಿ. ಬರಬಹುದು. ಗಾಢ ನಿದ್ದೆ ಕಮ್ಮಿಯಾಗುತ್ತದೆ, ಅದು ನಿಮಗೆ ಗೊತ್ತಾಗುವುದಿಲ್ಲ ಅಷ್ಟೇ.

ಮಾವನಿಗೆ ಮಾತ್ರೆ ಕೊಡಲಿಲ್ಲ. ಮಧ್ಯಾಹ್ನ ಊಟದ ಮೇಲೆ ಕಾಫಿ ಬೇಡ ಅಂದೆ. ಒಂದೇ ಸಲ ಬಿಟ್ಟರೆ ತಲೆನೋವು ಬರುತ್ತದೆ, ಒಂದೊಂದೇ ಲೋಟ ಕಮ್ಮಿ ಮಾಡಿ, ರಾತ್ರಿ ಜೀರಿಗೆ ಕಷಾಯ ಸಾಕು ಅಂದೆ. ಆಮೇಲೆ ಸಂತೆಯಲ್ಲಿ ಸಿಕ್ಕಿ ಬೈದರು. ‘ಈಗ ಆನೆ ತೋಟಕ್ಕೆ ನುಗ್ಗಿದ್ರೂ ಎಚ್ಚರ ಆಗಲ್ಲ ಮಾರಾಯ!’

ಇನ್ನೊಂದು ಮಾತು, ಕೊಡಗಿನಲ್ಲಿ ಹೇಳೋಕೆ ಸ್ವಲ್ಪ ಧೈರ್ಯ ಬೇಕು. ಮಲಗುವ ಮುಂಚಿನ ಪೆಗ್. ಬೇಗ ನಿದ್ದೆ ಹತ್ತುತ್ತದೆ, ನಿಜ. ನಡುರಾತ್ರಿ ಕಳೆದ ಮೇಲೆ ಅದೇ ನಿದ್ದೆ ಚೂರುಚೂರು. ಗೊರಕೆಯೂ ಜಾಸ್ತಿ. ಯಾಕೋ ಸಭೆ ಗಂಭೀರ ಆಯಿತು, ಬಿಡಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಬೇಗ ಬೇಗ ಹೇಳುತ್ತೇನೆ. ರಾತ್ರಿ ಎಷ್ಟೊತ್ತಿಗೇ ಮಲಗಿ, ಬೆಳಿಗ್ಗೆ ಏಳುವ ಹೊತ್ತು ಒಂದೇ ಇರಲಿ. ಎದ್ದು ಅಂಗಳಕ್ಕೆ ಬನ್ನಿ. ಮಳೆಗಾಲದ ಮೋಡದಲ್ಲೂ ಹೊರಗಿನ ಬೆಳಕು ಒಳಗಿನ ಬಲ್ಬಿಗಿಂತ ಜಾಸ್ತಿ. ಮೈಯೊಳಗಿನ ಗಡಿಯಾರ ಸರಿಹೋಗುವುದು ಆ ಬೆಳಕಿನಿಂದ. ಆ ಗಡಿಯಾರ ಕೆಲಸ ಮಾಡುವ ಬಗೆ ಕಂಡುಹಿಡಿದವರಿಗೇ 2017ರಲ್ಲಿ ನೊಬೆಲ್ ಬಂತು. ಮಲಗುವ ಒಂದೆರಡು ಗಂಟೆ ಮೊದಲು ಹಂಡೆಯ ಬಿಸಿನೀರು ಮೈಗೆ ಹುಯ್ದುಕೊಳ್ಳಿ. ಆಮೇಲೆ ಮೈಯ ಒಳಬಿಸಿ ಇಳಿಯುತ್ತದೆ, ಆಗ ನಿದ್ದೆ ಬರುತ್ತದೆ. ಇಪ್ಪತ್ತು ನಿಮಿಷ ಆದರೂ ಬರಲಿಲ್ವಾ? ಎದ್ದು ಮಂದ ಬೆಳಕಲ್ಲಿ ಸುಮ್ನೆ ಕೂತಿರಿ, ಫೋನು ಮುಟ್ಟಬೇಡಿ.

ಗೊರಕೆಯ ಮಧ್ಯೆ ಉಸಿರು ಕಟ್ಟುವವರು, ಹಗಲು ಜೀಪು ಓಡಿಸುವಾಗ ತೂಕಡಿಸುವವರು ಕಷಾಯ ನಂಬಿ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಈಗಾಗಲೇ ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ನನ್ನ ಮಾತು ಕೇಳಿ ನಾಳೆಯೇ ಬಿಟ್ಟುಬಿಡಬೇಡಿ. ಕೊಟ್ಟ ಡಾಕ್ಟರನ್ನೇ ಕೇಳಿ. ಪ್ರಶ್ನೆ ಇದ್ದರೆ ಕೈ ಎತ್ತಿ.