ನಾಲ್ಕು ಮಕ್ಕಳ ಒಂದನೇ ಕ್ಲಾಸು

ಎಲ್ಲರಿಗೂ ನಮಸ್ಕಾರ. ನಿಮ್ಮ ಸರ್ಕಾರಿ ಶಾಲೆಯ ವಾರ್ಷಿಕೋತ್ಸವಕ್ಕೆ ಕರೆದಿದ್ದೀರಿ, ಸಂತೋಷ. ಬೆಳಿಗ್ಗೆ ಬಂದವನು ಹೆಡ್‌ಮೇಷ್ಟ್ರ ಮೇಜಿನ ಮೇಲಿದ್ದ ಹಾಜರಿ ಪುಸ್ತಕ ತೆಗೆದು ನೋಡಿದೆ. ಒಂದನೇ ಕ್ಲಾಸಿಗೆ ಈ ವರ್ಷ ನಾಲ್ಕೇ ಹೆಸರು. ಬರೆದುಕೊಂಡು ಬಂದ ಭಾಷಣ ಜೇಬಿನಲ್ಲೇ ಇರಲಿ, ಇವತ್ತು ಇದನ್ನೇ ಮಾತಾಡುತ್ತೇನೆ.

ಹರೇಕಳ ಹಾಜಬ್ಬ ಅವರ ಕಥೆ ನಿಮಗೆಲ್ಲ ಗೊತ್ತು. ಆದರೂ ಇನ್ನೊಮ್ಮೆ ಹೇಳುತ್ತೇನೆ, ಯಾಕಂದ್ರೆ ನಾವು ಅದರಲ್ಲಿ ಕಿತ್ತಳೆ ಹಣ್ಣನ್ನಷ್ಟೇ ನೆನಪಿಟ್ಟುಕೊಂಡಿದ್ದೇವೆ. ಮಂಗಳೂರಿನಲ್ಲಿ ಬುಟ್ಟಿ ಹಿಡಿದು ಹಣ್ಣು ಮಾರುತ್ತಿದ್ದರು. ಒಂದು ದಿನ ವಿದೇಶಿಯರು ಇಂಗ್ಲಿಷಿನಲ್ಲಿ ರೇಟು ಕೇಳಿದರು. ಶಾಲೆಯ ಮೆಟ್ಟಿಲು ಹತ್ತದ ಮನುಷ್ಯ, ಉತ್ತರ ಹೇಳೋಕೆ ಆಗಲಿಲ್ಲ. ಅವರು ಹೊರಟೇ ಹೋದರು. ಆ ಸಂಕಟ ಮನೆವರೆಗೂ ಬಂತು. ಬಂದು ಏನು ಯೋಚಿಸಿದರು? ನಮ್ಮೂರು ನ್ಯೂಪಡ್ಪಿನ ಮಕ್ಕಳಿಗೆ ಹೀಗಾಗಬಾರದು ಅಂತ. ಅಲ್ಲಿ ಶಾಲೆಯೇ ಇರಲಿಲ್ಲ. ಆಫೀಸಿನಿಂದ ಆಫೀಸಿಗೆ ಅಲೆದರು. ಶುರುವಾಗಿದ್ದು ಮದರಸಾದಲ್ಲಿ, 28 ಮಕ್ಕಳಿಂದ. ಆಮೇಲೆ ಜಾಗ ಬಂತು, ಕಟ್ಟಡ ಬಂತು, ಹೈಸ್ಕೂಲೂ ಬಂತು. ಶಾಲೆ ಅಂಗಳವನ್ನು ಅವರೇ ಗುಡಿಸುತ್ತಿದ್ದರು. 2020ರಲ್ಲಿ ಪದ್ಮಶ್ರೀ ಬಂದಿದೆ ಅಂತ ಫೋನು ಬಂದಾಗ ರೇಷನ್ ಅಂಗಡಿಯ ಕ್ಯೂನಲ್ಲಿ ನಿಂತಿದ್ದರಂತೆ. ಮರುವರ್ಷ ರಾಷ್ಟ್ರಪತಿಗಳ ಮುಂದೆ ಬರಿಗಾಲಲ್ಲೇ ಹೋಗಿ ತಗೊಂಡರು. ಆ ಫೋಟೋ ನೋಡಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಆದರೆ ನಾನು ಹೇಳಬೇಕಿರೋದು ಆ 28 ಮಕ್ಕಳ ಅಪ್ಪ ಅಮ್ಮಂದಿರ ಬಗ್ಗೆ. ‘ಮೊದಲು ಬಿಲ್ಡಿಂಗ್ ಆಗಲಿ, ಆಮೇಲೆ ಕಳಿಸೋಣ’ ಅಂತ ಅವರು ಕೂತಿದ್ದರೆ ಹಾಜಬ್ಬರು ಯಾರಿಗೆ ಶಾಲೆ ಕಟ್ಟಬೇಕಿತ್ತು? ಮಕ್ಕಳು ಮೊದಲು ಬಂದರು. ಉಳಿದದ್ದೆಲ್ಲ ಅವರ ಹಿಂದೆ ಬಂತು.

ಇಲ್ಲಿ ಉಲ್ಟಾ ಆಗ್ತಿದೆ. ಮಕ್ಕಳು ಕಡಿಮೆಯಾದರೆ ಶಿಕ್ಷಕರನ್ನು ‘ಹೆಚ್ಚುವರಿ’ ಅಂತ ಬೇರೆ ಕಡೆ ಹಾಕುತ್ತಾರೆ. 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಅನ್ನೋದು ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕ. ಐದು ಕ್ಲಾಸಿಗೆ ಇಬ್ಬರೇ ಅಂತ ನೋಡಿ ಇನ್ನೆರಡು ಮನೆಯವರು ಮಕ್ಕಳನ್ನು ಖಾಸಗಿ ಶಾಲೆಯ ಹಳದಿ ವ್ಯಾನು ಹತ್ತಿಸುತ್ತಾರೆ. ಹೀಗೇ ಖಾಲಿಯಾಗೋದು.

ಇಂಗ್ಲಿಷ್ ಬೇಕು ಅನ್ನುವ ತಾಯಂದಿರನ್ನು ನಾನು ಬೈಯಲ್ಲ. ಹಾಜಬ್ಬರಿಗೆ ಚುಚ್ಚಿದ್ದೂ ಅದೇ ಅಲ್ವಾ? ಕೇಳಿ, ಆದರೆ ಇಲ್ಲೇ ಕೇಳಿ. 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿದರು, ಬಾಗಿಲೇನೂ ಮುಚ್ಚಿಲ್ಲ. ಕೇಳೋಕೆ ಜಾಗ ಎಸ್‌ಡಿಎಂಸಿ, ಅಂದರೆ ಶಾಲೆಯ ಉಸ್ತುವಾರಿ ಸಮಿತಿ. ನಮ್ಮ ರಾಜ್ಯದಲ್ಲಿ 2001ರಿಂದಲೇ ಇದೆ. ಕಾಯ್ದೆ ಪ್ರಕಾರ ಮುಕ್ಕಾಲು ಪಾಲು ಸದಸ್ಯರು ತಂದೆ ತಾಯಂದಿರೇ ಇರಬೇಕು, ಅರ್ಧದಷ್ಟು ಹೆಂಗಸರು. ಸಹಿ ಹಾಕಿ ಟೀ ಕುಡಿದು ಎದ್ದು ಹೋಗುವ ಸಭೆ ಅಲ್ಲ ಅದು.

ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಹೀಗಾಯಿತು. ಕೂಲಿಗೆ ಹೋಗುವ ಒಬ್ಬ ಅಮ್ಮ ಸಭೆಯಲ್ಲಿ ಎದ್ದು, ‘ಸಾರ್, ಹಾಲು ಗಂಟು ಗಂಟಾಗಿರ್ತದೆ, ನನ್ನ ಮಗ ಚೆಲ್ಲಿ ಬರ್ತಾನೆ’ ಅಂದರು. ಸರ್ಕಾರ ಶಾಲೆ ಮಕ್ಕಳಿಗೆ ಕೊಡುವ ಕ್ಷೀರಭಾಗ್ಯದ ಹಾಲು, ಒಂದು ಮಗುವಿಗೆ 18 ಗ್ರಾಂ ಪುಡಿ, 150 ಎಂಎಲ್ ಹಾಲು. ನಾವು ಮೇಷ್ಟ್ರುಗಳು ಲೋಟ ಎಣಿಸುತ್ತಿದ್ದೆವು, ಒಳಗೇನಿದೆ ಅಂತ ನೋಡಿರಲಿಲ್ಲ. ಮರುದಿನ ಆಕೆಯೇ ಅಡುಗೆಮನೆಗೆ ಬಂದು, ಪುಡಿಗೆ ಸ್ವಲ್ಪ ಉಗುರುಬೆಚ್ಚಗಿನ ನೀರು ಹಾಕಿ, ದೋಸೆಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ ಬಿಸಿನೀರಿಗೆ ಬಿಟ್ಟು ತೋರಿಸಿದರು. ಒಂದು ಗಂಟೂ ಇಲ್ಲ. ಅವತ್ತು ಮಕ್ಕಳು ಎರಡನೇ ಲೋಟ ಕೇಳಿದರು! ದಾನಿಗಳು ಕೊಟ್ಟ ಬೆಂಚಿಗೂ ಬಣ್ಣಕ್ಕೂ ನಾನು ಕೈ ಮುಗಿಯುತ್ತೇನೆ. ಆದರೆ ಆ ಅಮ್ಮನ ಹಾಗೆ ಎದ್ದು ಕೇಳುವವರು ಬೇಕು.

ಊಟಕ್ಕೆ ಹೊತ್ತಾಯಿತು ಅಂತ ಮೇಷ್ಟ್ರು ಸನ್ನೆ ಮಾಡ್ತಿದ್ದಾರೆ. ಮಕ್ಕಳು ನಲಿಯುತ್ತಾ ಕಲಿಯುವ ನಲಿ-ಕಲಿ ಪದ್ಧತಿ ಬಗ್ಗೆ ಜಾಸ್ತಿ ಹೇಳಬೇಕಿತ್ತು. ಅದು ಹುಟ್ಟಿದ್ದೇ ನಮ್ಮ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲಿ, ಅಷ್ಟು ತಿಳಿದುಕೊಳ್ಳಿ ಸಾಕು. ಗ್ರಂಥಾಲಯದ ವಿಷಯ ಇನ್ನೊಮ್ಮೆ.

ಬರುವ ಶನಿವಾರ ಎಸ್‌ಡಿಎಂಸಿ ಸಭೆ ಇದೆಯಂತೆ. ಆ ನಾಲ್ಕು ಮಕ್ಕಳ ಮನೆಯವರು ಮುಂದಿನ ಬೆಂಚಿನಲ್ಲಿ ಕೂರಲಿ. ವ್ಯಾನು ಹತ್ತಿಸುವ ಮನೆಯವರೂ ಬನ್ನಿ, ಬೇಜಾರಿದ್ದರೆ ಬೇಜಾರೇ ಹೇಳಿ. ನಾನೂ ಬರುತ್ತೇನೆ.