ಮೂವತ್ತು ದಿನಕ್ಕೆ ಒಂದು ಗೂಟ

ಕೇಳುಗರೇ, ನಮಸ್ಕಾರ.

ನಮ್ಮ ಮನೆ ಪುಣೆಯ ದಾಪೋಡಿಯಲ್ಲಿದೆ. ಒಂದು ಕೋಣೆ, ಒಂದು ಅಡುಗೆಮನೆ. ಮೂಲ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು. ಮಳೆ ಕೈಕೊಟ್ಟ ವರ್ಷ ಕಟ್ಟಡದ ಕೆಲಸಕ್ಕೆಂದು ಇಲ್ಲಿಗೆ ಬಂದ ನನ್ನ ಮಾವ ಮತ್ತೆ ಊರಿಗೆ ಮರಳಲಿಲ್ಲ. ಇದೇ ಮನೆಯಿಂದ ನನ್ನ ಮೈದುನ 2014ರಲ್ಲಿ ಜೈಲಿಗೆ ಹೋದ. ಹೊಡೆದಾಟವೊಂದರಲ್ಲಿ ಒಬ್ಬನ ಪ್ರಾಣ ಹೋಯಿತು. ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು. ಅದು ಸರಿಯೋ ತಪ್ಪೋ ಎಂದು ವಾದಿಸಲು ನಾನು ಬಂದಿಲ್ಲ. 2024ರ ಡಿಸೆಂಬರಿನಲ್ಲಿ ಅವನು ಪೆರೋಲ್ ಮೇಲೆ 30 ದಿನ ಮನೆಗೆ ಬಂದ. ಆ 30 ದಿನಕ್ಕಾಗಿ ಮನೆಯನ್ನು ಹೇಗೆ ಸಿದ್ಧಪಡಿಸಿದೆವು, ಎಲ್ಲಿ ಎಡವಿದೆವು ಎಂಬುದನ್ನು ಹೇಳುತ್ತೇನೆ. ನಮ್ಮಂಥ ಮನೆಗಳು ಈ ಊರಿನಲ್ಲಿ ಇನ್ನೂ ಇವೆ. ಅವು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಪೆರೋಲ್ ಎಂದರೆ ಬಿಡುಗಡೆಯಲ್ಲ. ಅತ್ತೆಯವರಿಗೆ ಇದನ್ನು ಅರ್ಥ ಮಾಡಿಸಲು ನನಗೆ ಒಂದು ವಾರ ಹಿಡಿಯಿತು. ಮಹಾರಾಷ್ಟ್ರದಲ್ಲಿ ಇದಕ್ಕೆ 1959ರಲ್ಲೇ ನಿಯಮಗಳು ಬಂದವು, ಆಮೇಲೆ ಹಲವು ಸಲ ಬದಲಾಗಿವೆ. ಅವುಗಳಲ್ಲಿ ಎರಡು ದಾರಿಗಳಿವೆ: ಒಂದು ಫರ್ಲೋ, ಇನ್ನೊಂದು ಪೆರೋಲ್. ವರ್ಷಗಟ್ಟಲೆ ಒಳಗಿದ್ದವನು ಮನೆಯವರಿಂದ ಪೂರ್ತಿ ಕಡಿದುಹೋಗದಿರಲಿ ಎಂದು ಕೊಡುವ ರಜೆ ಫರ್ಲೋ. ಆ ದಿನಗಳು ಶಿಕ್ಷೆಯ ಲೆಕ್ಕಕ್ಕೆ ಸೇರುತ್ತವೆ. ಪೆರೋಲ್ ಸಿಗುವುದು ಮನೆಯಲ್ಲಿ ಸಾವು, ಮದುವೆ, ಕಠಿಣ ಕಾಯಿಲೆಯಂಥ ಕಾರಣಕ್ಕೆ. ಆ ದಿನಗಳು ಶಿಕ್ಷೆಯ ಲೆಕ್ಕಕ್ಕೆ ಬರುವುದಿಲ್ಲ. ಮನೆಯಲ್ಲಿ ಕಳೆದ 30 ದಿನವನ್ನು ಅವನು ಕೊನೆಯಲ್ಲಿ ಒಳಗೆ ಕಳೆಯಬೇಕು. ನಮಗೆ ಸಿಕ್ಕಿದ್ದು ಅತ್ತೆಯವರ ಕಾಯಿಲೆಯ ಕಾರಣದ ಪೆರೋಲ್. ಪಾರ್ಶ್ವವಾಯು ಬಡಿದು ಅವರ ಬಲಗೈ ಬಿದ್ದುಹೋಗಿತ್ತು.

ಅರ್ಜಿಗೆ ವೈದ್ಯರ ಪ್ರಮಾಣಪತ್ರ, ಪಡಿತರ ಚೀಟಿ, ಆಧಾರ್, ವಿದ್ಯುತ್ ಬಿಲ್ಲು ಬೇಕಾಯಿತು. ಜಾಮೀನು ನಿಲ್ಲುವವರೊಬ್ಬರು ಬೇಕಾಯಿತು. ಇಷ್ಟು ವರ್ಷ ಅವನು ಫರ್ಲೋ ಕೇಳದೆ ಇದ್ದದ್ದು ಇದೇ ಕಾರಣಕ್ಕೆ. ಜಾಮೀನಿಗೆ ನಮ್ಮವರು ಯಾರೂ ಮುಂದೆ ಬರಲಿಲ್ಲ. ಕೊನೆಗೆ ನನ್ನ ಹೆಸರಿನಲ್ಲೇ ಮುಚ್ಚಳಿಕೆ ಬರೆದುಕೊಟ್ಟೆ. ವಕೀಲರಿಗೆ ಕೊಡಲು ಹಣವಿಲ್ಲ ಎಂದು ಕೈಕಟ್ಟಿ ಕೂರುವವರಿಗೆ ಒಂದು ಮಾತು: ಸೆರೆಯಲ್ಲಿರುವವರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯೇ ಹೇಳುತ್ತದೆ. 15100ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ. ನನಗೆ ಇದು ಗೊತ್ತಾದದ್ದು ತಡವಾಗಿ, ನಾಲ್ಕು ಜನರ ಬಳಿ ಕೈಸಾಲ ಮಾಡಿದ ಮೇಲೆ.

ಅರ್ಜಿ ಹೋದ ಮೇಲೆ ಪೊಲೀಸರು ವಿಳಾಸ ವಿಚಾರಿಸಲು ಮನೆಗೆ ಬರುತ್ತಾರೆ. ಅಕ್ಕಪಕ್ಕದವರನ್ನೂ ಕೇಳುತ್ತಾರೆ. ಆ ವರದಿಯ ಮೇಲೆ ಬಹಳಷ್ಟು ನಿಂತಿರುತ್ತದೆ. ಆದ್ದರಿಂದ ಪೊಲೀಸರು ಬರುವ ಮೊದಲೇ ನಾನು ನಮ್ಮ ಚಾಳಿನ ಪ್ರತಿ ಮನೆಗೂ ಹೋದೆ. ಎಲ್ಲರಿಗೂ ಗೊತ್ತಿದ್ದ ವಿಷಯವೇ, ಆದರೆ ಹತ್ತು ವರ್ಷ ನಾವಾಗಿ ಬಾಯಿ ಬಿಟ್ಟಿರಲಿಲ್ಲ. ಮೊದಲನೆಯ ಬಾಗಿಲಲ್ಲಿ ನಾಲಿಗೆ ಒಣಗಿತು. ಐದನೆಯ ಬಾಗಿಲ ಹೊತ್ತಿಗೆ ಮಾತು ಸಲೀಸಾಯಿತು: "ನನ್ನ ಮೈದುನ ಒಂದು ತಿಂಗಳು ಬರುತ್ತಾನೆ. ತಾಯಿಯನ್ನು ನೋಡಿ ಮರಳಿ ಹೋಗುತ್ತಾನೆ. ಜಾಮೀನು ನಾನೇ. ನಿಮಗೆ ಅಂಜಿಕೆ ಇದ್ದರೆ ನನಗೇ ಹೇಳಿರಿ." ಒಬ್ಬ ತಾಯಿ, ಸಾತಾರಾ ಕಡೆಯವರು, ತಮಗೆ ವಯಸ್ಸಿಗೆ ಬಂದ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಅಂಜಿಕೆ ಇದೆ ಎಂದು ನೇರವಾಗಿ ಹೇಳಿದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅಂಜುವುದು ಅವರ ಹಕ್ಕು. ಅವನು ಬಂದ ಎರಡನೆಯ ದಿನ ನಾನೇ ಅವರನ್ನು ಕರೆದು ಚಹಾ ಕೊಟ್ಟು ಎದುರಿಗೆ ಕೂರಿಸಿದೆ. ಮುಖ ನೋಡದ ಮನುಷ್ಯನ ಬಗ್ಗೆ ಇರುವ ಅಂಜಿಕೆಯೇ ದೊಡ್ಡದು.

ಇನ್ನೊಂದು ಮನೆ ಇದೆ, ಸತ್ತವನ ಮನೆ. ಅವರೂ ಇದೇ ಊರಿನಲ್ಲಿದ್ದಾರೆ. ಜೈಲಿನಿಂದ ಹೊರಬಂದವನಿಗೆ ಹಾರ ಹಾಕಿ, ಪಟಾಕಿ ಸುಟ್ಟು, ಮೋಟಾರ್ ಸೈಕಲ್ ಮೆರವಣಿಗೆ ಮಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಹುಡುಗರೂ ಹಾಗೆ ಮಾಡೋಣವೆಂದು ಕೇಳಲು ಬಂದರು. ಬಾಗಿಲಲ್ಲೇ ತಿರುಗಿ ಕಳಿಸಿದೆ. ಆ ಮನೆಯ ತಾಯಿಗೆ ಯಾವ ಪೆರೋಲ್ ಕೂಡ ಮಗನನ್ನು ಕರೆತಂದು ಕೊಡುವುದಿಲ್ಲ. ನಮ್ಮ ಸಂತೋಷ ನಮ್ಮ ಹೊಸ್ತಿಲು ದಾಟಬಾರದಿತ್ತು.

ಈಗ ಮನೆಯ ಒಳಗಿನ ಮಾತು. ಹತ್ತು ವರ್ಷದಲ್ಲಿ ಅವನ ಜಾಗ ತುಂಬಿಹೋಗಿತ್ತು. ಅವನು ಮಲಗುತ್ತಿದ್ದ ಮಂಚ ಮಾರಿದ್ದೆವು. ಅವನ ಗೂಡಿನಲ್ಲಿ ಮಕ್ಕಳ ಪುಸ್ತಕ, ಗೋಡೆಯ ಗೂಟದಲ್ಲಿ ಅವನ ಮಗನ ಶಾಲೆಯ ಚೀಲ. ನಾನು ಮಾಡಿದ್ದು ದೊಡ್ಡದೇನಲ್ಲ. ಒಂದು ಗೂಟ ತೆರವು ಮಾಡಿದೆ, ಒಂದು ಗೂಡು ಖಾಲಿ ಮಾಡಿದೆ, ಒಂದು ಹಾಸಿಗೆ, ಎರಡು ಜೊತೆ ಬಟ್ಟೆ ತಂದೆ. ಹಳೆಯ ಅಂಗಿ ಹಾಕಿಕೊಳ್ಳಲಿ ಎಂದು ಅತ್ತೆ ಟ್ರಂಕಿನಿಂದ ತೆಗೆದಿಟ್ಟಿದ್ದರು. ಅದನ್ನು ನಾನು ಮರಳಿ ಒಳಗಿಟ್ಟೆ. ಬರುವವನು ಈಗ ಮೂವತ್ತೆಂಟು ವರ್ಷದವನು. ಇಪ್ಪತ್ತೆಂಟರ ಅಂಗಿ ತೊಡಿಸಿದರೆ ಅವನಿಗೂ ನೋವು, ನಮಗೂ ನೋವು.

ಮಗನ ವಿಷಯದಲ್ಲಿ ನಾವು ದೊಡ್ಡ ತಪ್ಪು ಮಾಡಿದ್ದೆವು. ತಂದೆ ಒಳಗೆ ಹೋದಾಗ ಅವನಿಗೆ ಒಂದು ವರ್ಷ. ಅಪ್ಪ ದುಬೈಯಲ್ಲಿ ಕೆಲಸದಲ್ಲಿದ್ದಾನೆ ಎಂದು ಹೇಳುತ್ತಾ ಬಂದಿದ್ದೆವು. ಈಗ ಸುಳ್ಳು ಹೇಳಿದವರೇ ನಿಜ ಹೇಳಬೇಕಾಯಿತು. ನನ್ನ ನೆಗೆಣ್ಣಿಗೆ ಧೈರ್ಯ ಬರಲಿಲ್ಲ, ನಾನು ಹೇಳಿದೆ. ಹುಡುಗ ಅಳಲಿಲ್ಲ. "ಗೊತ್ತು ದೊಡ್ಡವ್ವ, ಮೂರನೇ ಇಯತ್ತೆಯಲ್ಲೇ ಗೊತ್ತಾಗಿತ್ತು. ನೀವು ಹೇಳಲೆಂದು ಸುಮ್ಮನಿದ್ದೆ" ಎಂದ. ಮೂರು ವರ್ಷ ಆ ಮಗು ನಮ್ಮ ಮಾನ ಕಾಯುತ್ತಾ ಒಬ್ಬನೇ ಅದನ್ನು ಹೊತ್ತಿತ್ತು. ದಯವಿಟ್ಟು, ಮಕ್ಕಳಿಗೆ ಸುಳ್ಳು ಹೇಳಬೇಡಿರಿ.

ಕರೆತರಲು ನಾನು ಮತ್ತು ನನ್ನ ಯಜಮಾನರು ಯರವಡಾ ಜೈಲಿಗೆ ಹೋದೆವು. ಗಾಂಧೀಜಿ ಉಪವಾಸ ಮಾಡಿದ್ದು, 1932ರ ಪುಣೆ ಒಪ್ಪಂದ ಆದದ್ದು ಅಲ್ಲಿಯೇ ಎಂದು ಪುಸ್ತಕಗಳು ಹೇಳುತ್ತವೆ. ನಮಗೆ ಅದು ಹತ್ತು ವರ್ಷ ಮುಲಾಖತ್‌ಗೆ, ಅಂದರೆ ಅವನ ಭೇಟಿಗೆ, ಸಾಲಿನಲ್ಲಿ ನಿಂತ ಜಾಗ. ರಿಕ್ಷಾದಲ್ಲಿ ಮನೆಗೆ ಬಂದೆವು. ಬಾಡಿಗೆಯನ್ನು ನಾನು ಮೊಬೈಲ್ ತೋರಿಸಿ ಕೊಟ್ಟಾಗ ಅವನು ಸುಮ್ಮನೆ ನೋಡಿದ. ಅವನು ಒಳಗೆ ಹೋದ ಮೇಲೆ 2016ರಲ್ಲಿ ಹಳೆಯ ನೋಟುಗಳು ರದ್ದಾದವು. ಎರಡು ಸಾವಿರದ ನೋಟು ಬಂತು, ಚಲಾವಣೆಯಿಂದ ಹೋಯಿತು. ಆ ನೋಟನ್ನು ಅವನು ಕೈಯಲ್ಲಿ ಹಿಡಿದು ನೋಡಲೇ ಇಲ್ಲ. ಇಂಥದ್ದನ್ನು ಮೊದಲೇ ಒಂದು ಸಲ ಹೇಳಿಕೊಟ್ಟರೆ, ಅಂಗಡಿಯಲ್ಲಿ ನಾಲ್ಕು ಜನರೆದುರು ತಲೆ ತಗ್ಗಿಸುವುದು ತಪ್ಪುತ್ತದೆ.

ಮೊದಲ ರಾತ್ರಿ ಅವನು ನಿದ್ದೆ ಮಾಡಲಿಲ್ಲ. ಹಾಸಿಗೆ ಸರಿಯಿಲ್ಲವೇನೋ ಎಂದುಕೊಂಡೆ. ಮೂರನೆಯ ರಾತ್ರಿ ನೆಗೆಣ್ಣಿ ಕಾರಣ ಕಂಡುಹಿಡಿದಳು: ಕತ್ತಲೆ. ಬ್ಯಾರಕ್ಕಿನಲ್ಲಿ ರಾತ್ರಿಯಿಡೀ ದೀಪ ಉರಿಯುತ್ತದೆ. ಹತ್ತು ವರ್ಷ ಬೆಳಕಿನಲ್ಲಿ ಮಲಗಿದವನಿಗೆ ನಾವು ಪ್ರೀತಿಯಿಂದ ದೀಪ ಆರಿಸಿ ಮಲಗಿಸಿದ್ದೆವು. ಅಡುಗೆಮನೆಯ ಸಣ್ಣ ಬಲ್ಬು ಹಚ್ಚಿಟ್ಟೆವು, ನಿದ್ದೆ ಬಂತು. ಸಂಜೆ ಐದಕ್ಕೇ ಅವನಿಗೆ ಹಸಿವಾಗುತ್ತಿತ್ತು, ಏಕೆಂದರೆ ಅಲ್ಲಿ ಬಾಗಿಲು ಹಾಕುವ ಮೊದಲೇ ಊಟ ಮುಗಿಯುತ್ತದೆ. ನಾನು ನಾಲ್ಕೂವರೆಗೇ ರೊಟ್ಟಿ ಬಡಿಯಲು ಕೂರುತ್ತಿದ್ದೆ. ಬಿಸಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆ ಬದನೆಕಾಯಿ. ಮುಚ್ಚಿದ ಬಾಗಿಲನ್ನು ಅವನು ತಾನಾಗಿ ತೆರೆಯುತ್ತಿರಲಿಲ್ಲ, ಅದರ ಮುಂದೆ ನಿಂತು, "ಹೋಗಲೇ ವೈನಿ?" ಎಂದು ಕೇಳುತ್ತಿದ್ದ. ಬಚ್ಚಲಿಗೆ ಹೋಗಲೂ ಕೇಳುತ್ತಿದ್ದ. ಮೊದಲೆರಡು ದಿನ ಹೂಂ ಎಂದೆ. ಆಮೇಲೆ ಹೂಂ ಎನ್ನುವುದನ್ನು ಬಿಟ್ಟೆ, ಹಗಲೆಲ್ಲ ಬಾಗಿಲು ತೆರೆದೇ ಇಟ್ಟೆ.

ಒಂದೇ ಕೋಣೆಯ ಮನೆ. ಗಂಡಹೆಂಡಿರು ಹತ್ತು ವರ್ಷ ಜಾಲರಿಯ ಆಚೆ ಈಚೆ ನಿಂತು ಮಾತಾಡಿದವರು. ಅದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಹಿರಿಯರೇ ಅರಿತುಕೊಳ್ಳಬೇಕು. ವಾರಕ್ಕೆ ಎರಡು ದಿನ ಮಕ್ಕಳನ್ನೂ ಅತ್ತೆಯವರನ್ನೂ ಕರೆದುಕೊಂಡು ನಾನು ಕಾಸರವಾಡಿಯ ಅಕ್ಕನ ಮನೆಗೆ ಹೋಗಿ ಊಟ ಮುಗಿಸಿ ಬರುತ್ತಿದ್ದೆ.

ಎರಡು ವಿಷಯಗಳಲ್ಲಿ ಮಾತ್ರ ನಾನು ಗಟ್ಟಿಯಾದೆ. ಊರಿನ ಹೊಲದ ಪಾಲಿನ ಕಾಗದ ಹಿಡಿದು ಬಂದ ಸಂಬಂಧಿಕರಿಗೆ, ಈ ತಿಂಗಳು ಆಸ್ತಿಯ ಮಾತು ಬೇಡ ಎಂದೆ. ಊರ ಜಾತ್ರೆಗೆ ಒಂದೇ ದಿನ ಇಂಡಿಗೆ ಹೋಗಿ ಬರೋಣ ಎಂದು ಅವನೇ ಆಸೆಪಟ್ಟಾಗಲೂ ಬೇಡ ಎಂದೆ. ಬರೆದುಕೊಟ್ಟ ವಿಳಾಸ ದಾಪೋಡಿಯದು, ಠಾಣೆಯಲ್ಲಿ ಹಾಜರಿ ಹಾಕಬೇಕು, ಇಂಡಿ ಬೇರೆ ರಾಜ್ಯದಲ್ಲಿದೆ. ಅವನು ಒಂದು ದಿನ ಮುಖ ಬಾಡಿಸಿಕೊಂಡಿದ್ದ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಮಾತು. ಬರುವ ದಿನಕ್ಕೆ ಎಲ್ಲರೂ ಮನೆ ಸಿದ್ಧ ಮಾಡುತ್ತಾರೆ, ಹೋಗುವ ದಿನಕ್ಕೆ ಯಾರೂ ಮಾಡುವುದಿಲ್ಲ. ಅವನು ಬಂದ ದಿನವೇ ನಾನು ಕ್ಯಾಲೆಂಡರಿನಲ್ಲಿ ಮರಳುವ ತಾರೀಖಿಗೆ ಕೆಂಪು ಗುರುತು ಹಾಕಿದೆ, ಮರಳುವ ಚೀಲವನ್ನು ಅದೇ ಗೂಟಕ್ಕೆ ನೇತುಹಾಕಿದೆ. ಅತ್ತೆ ಇದು ಕ್ರೂರ ಎಂದರು. ಎರಡು ದಿನ ನನ್ನ ಕೈಯಿಂದ ನೀರು ಕುಡಿಯಲಿಲ್ಲ. ಆದರೆ ಕೊನೆಯ ವಾರ ಬಂದಾಗ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ನಾನು ಬೇರೆಯವರಿಂದ ಕೇಳಿದ್ದೆ. ತಾಯಿ ಎದೆ ಹಿಡಿದುಕೊಳ್ಳುತ್ತಾಳೆ, ಹೆಂಡತಿ ಅಳುತ್ತಾಳೆ, ಇನ್ನೆರಡು ದಿನ ಇದ್ದು ಹೋಗು ಎನ್ನುತ್ತಾರೆ. ಎರಡು ದಿನ ತಡವಾದರೆ ಅದು ಹೊಸ ಅಪರಾಧ. ಶಿಕ್ಷೆಯಲ್ಲಿ ಸಿಕ್ಕ ರಿಯಾಯಿತಿಗೂ, ಜಾಮೀನಿನ ಹಣಕ್ಕೂ, ಮುಂದಿನ ರಜೆಗೂ ಅದರಿಂದ ಪೆಟ್ಟು. 2020ರ ಮೇ ತಿಂಗಳಲ್ಲಿ ಕೊರೊನಾ ಕಾರಣಕ್ಕೆ ತುರ್ತು ಪೆರೋಲ್ ಕೊಟ್ಟಾಗ, ಏಳು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯವರು ಹಿಂದೆ ಎರಡು ಸಲ ಹೊರಬಂದು ಸಮಯಕ್ಕೆ ಮರಳಿರಬೇಕು ಎಂಬ ಷರತ್ತಿತ್ತು. ಒಂದು ಸಲವೂ ಹೊರಬರದ ನಮ್ಮವನು ಒಳಗೇ ಉಳಿದ. ಹೊತ್ತಿಗೆ ಸರಿಯಾಗಿ ಮರಳುವುದು ಅವನಿಗೆ ಒಂದು ಆಸ್ತಿ. ಆ ಆಸ್ತಿಯನ್ನು ಪ್ರೀತಿಯ ಹೆಸರಿನಲ್ಲಿ ನಾವೇ ಕಳೆಯಬಾರದು.

ಚೀಲ ಕಣ್ಣೆದುರಿಗೆ ಇದ್ದದ್ದರಿಂದ ದಿನಕ್ಕೊಂದು ವಸ್ತು ಅದಕ್ಕೆ ಸೇರಿತು. ಅವನ ಔಷಧಿಯ ಚೀಟಿ, ತಾಯಿಯ ಆಸ್ಪತ್ರೆಯ ಕಾಗದಗಳ ಪ್ರತಿ, ಠಾಣೆಯ ಹಾಜರಿಯ ಕಾಗದ. ಹುಡುಗ ತನ್ನ ಕೈಯಲ್ಲಿ ಬರೆದ ಒಂದು ಹಾಳೆಯನ್ನೂ ಹಾಕಿದ. ಇಪ್ಪತ್ತನೆಯ ದಿನದ ಹೊತ್ತಿಗೆ ಅತ್ತೆಯೇ, "ಅವನ ಚೀಲಕ್ಕೆ ಒಂದು ಟವೆಲ್ ಹಾಕು" ಎಂದರು.

ಮೂವತ್ತನೆಯ ದಿನ ಬೆಳಿಗ್ಗೆ ಅವನನ್ನು ಮೆಟ್ರೋದಲ್ಲಿ ಕರೆದೊಯ್ದೆವು. ದಾಪೋಡಿಯಲ್ಲಿ ಹತ್ತಿ, ಸಿವಿಲ್ ಕೋರ್ಟ್ ನಿಲ್ದಾಣದಲ್ಲಿ ಗಾಡಿ ಬದಲಿಸಿ, ಯರವಡಾದಲ್ಲಿ ಇಳಿದೆವು. ಅವನು ಒಳಗೆ ಹೋದಾಗ ಈ ಊರಿನಲ್ಲಿ ಮೆಟ್ರೋ ಇರಲಿಲ್ಲ. ಮಗನೂ ಬಂದಿದ್ದ, ಗೇಟಿನವರೆಗೆ ಬರುತ್ತೇನೆಂದು ಅವನೇ ಹಟ ಹಿಡಿದಿದ್ದ. ಹೊತ್ತು ಇತ್ತು. ರಸ್ತೆ ಬದಿಯ ಮರದಡಿ ಕುಳಿತು ಬುತ್ತಿ ಬಿಚ್ಚಿದೆವು. ಮೈದುನ ಎರಡು ರೊಟ್ಟಿ ತಿಂದು, ಕೈ ತೊಳೆದು, ಚೀಲ ಹೆಗಲಿಗೇರಿಸಿ ಒಳಗೆ ಹೋದ.

ಸಂಜೆ ಹುಡುಗ ಶಾಲೆಯ ಚೀಲವನ್ನು ಕೈಯಲ್ಲಿ ಹಿಡಿದು ಖಾಲಿ ಗೂಟದ ಮುಂದೆ ನಿಂತ. "ದೊಡ್ಡವ್ವ, ಅಪ್ಪನಿಗೆ ಮುಂದೆ ಫರ್ಲೋ ಯಾವಾಗ ಕೇಳಬಹುದು?" ಎಂದ. ಕೇಳಿ ತಿಳಿದುಕೊಂಡು ಹೇಳುತ್ತೇನೆ ಎಂದೆ. ಚೀಲವನ್ನು ಗೋಡೆಗೆ ಒರಗಿಸಿ ಕೆಳಗಿಟ್ಟು ಆಡಲು ಹೋದ.

ನಮಸ್ಕಾರ.